ಜಾವಾದಲ್ಲಿ ಸೋಪ್ ವೆಬ್ ಸರ್ವಿಸ್ ಮೂಲಕ ಎಕ್ಸ್‌ಎಂಎಲ್ ದಸ್ತಾವೇಜುಗಳ ರವಾನೆ

ಎಕ್ಸ್‌ಎಂಎಲ್ ರೂಪದ ದಸ್ತಾವೇಜನ್ನು ಸೋಪ್ ಎಂಬ ಸಂದೇಶ ನಿಯಮಾವಳಿಯಂತೆ ಒಂದು ಕಂಪ್ಯೂಟರ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಕಳುಹಿಸುವುದು ಜಾವಾ ಭಾಷೆಯಲ್ಲಿ 2000ದಿಂದೀಚೆಗೆ ಬೆಳೆದು ಬಂದ ತಂತ್ರ. ಆಸ್ಪತ್ರೆಗಳ ನಡುವೆ ರೋಗಿಯ ಚಿಕಿತ್ಸಾ ಸಾರಾಂಶ, ವ್ಯಾಪಾರಿಗಳ ನಡುವೆ ಇನ್‌ವಾಯ್ಸ್, ಬ್ಯಾಂಕು ಮತ್ತು ವಿಮಾ ಕಂಪನಿಗಳಲ್ಲಿ ಗ್ರಾಹಕರ ಅರ್ಜಿ, ಹೀಗೆ ಕಾನೂನಿನ ತೂಕವುಳ್ಳ ಕಾಗದಪತ್ರಗಳ ಡಿಜಿಟಲ್ ರೂಪಗಳು ಇಂದಿಗೂ ಈ ದಾರಿಯಲ್ಲಿ ಸಾಗುತ್ತವೆ. ಸೋಪ್ ಸಂದೇಶವೂ ಒಂದು ಎಕ್ಸ್‌ಎಂಎಲ್ ದಸ್ತಾವೇಜೇ. ಅದರೊಳಗೆ ಮತ್ತೊಂದು ಎಕ್ಸ್‌ಎಂಎಲ್ ದಸ್ತಾವೇಜನ್ನು ಇಡಬೇಕು ಎಂಬುದರಿಂದಲೇ ಈ ಕ್ಷೇತ್ರದ ಬಹುಪಾಲು ತೊಡಕುಗಳು ಹುಟ್ಟುತ್ತವೆ. ಒಳಗಿನ ದಸ್ತಾವೇಜು ಹೊರಗಿನ ಸಂದೇಶದಲ್ಲಿ ಬೆರೆಯಬೇಕೋ, ಮುಚ್ಚಿದ ಬೈಟ್‌ಗಳಾಗಿ ಪ್ರತ್ಯೇಕವಾಗಿ ಉಳಿಯಬೇಕೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಅದನ್ನು ಯಾರು ಪರಿಶೀಲಿಸಬಲ್ಲರು, ಅದರ ಸಹಿ ಉಳಿಯುತ್ತದೆಯೇ, ಕಳುಹಿಸಿದ್ದೇ ತಲುಪಿತೆಂದು ಸಾಧಿಸಲು ಆಗುತ್ತದೆಯೇ ಎಂಬುದೆಲ್ಲ ಆ ನಿರ್ಧಾರವನ್ನು ಅವಲಂಬಿಸಿದೆ.

ಹಿನ್ನೆಲೆ ಮತ್ತು ಇತಿಹಾಸ

ಮುದ್ರಣ ಮತ್ತು ದಾಖಲೆ ನಿರ್ವಹಣೆಗಾಗಿ 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್ ಭಾಷೆಯನ್ನು ಸರಳಗೊಳಿಸಿ, ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿ 1998ರ ಫೆಬ್ರವರಿ 10ರಂದು ಎಕ್ಸ್‌ಎಂಎಲ್ 1.0 ಅನ್ನು ಪ್ರಕಟಿಸಿತು. ಬೇರೆ ಬೇರೆಯವರು ರೂಪಿಸಿದ ಟ್ಯಾಗ್‌ಗಳು ಒಂದೇ ದಸ್ತಾವೇಜಿನಲ್ಲಿ ಗೊಂದಲವಿಲ್ಲದೆ ಸೇರಲು ನೆರವಾಗುವ ನೇಮ್‌ಸ್ಪೇಸ್ ಮಾನಕ 1999ರ ಜನವರಿಯಲ್ಲಿ ಬಂದಿತು. ದಸ್ತಾವೇಜಿನಲ್ಲಿ ಏನಿರಬೇಕು, ಯಾವ ಕ್ರಮದಲ್ಲಿರಬೇಕು ಎಂದು ವಿಧಿಸುವ ಎಕ್ಸ್‌ಎಂಎಲ್ ಸ್ಕೀಮಾ 2001ರ ಮೇ ತಿಂಗಳಲ್ಲಿ ಸಿದ್ಧವಾಯಿತು.

ಸೋಪ್‌ನ ಮೊದಲ ಕರಡುಗಳು 1998ರಲ್ಲಿ ಡೇವ್ ವೈನರ್, ಡಾನ್ ಬಾಕ್ಸ್, ಬಾಬ್ ಆಟ್ಕಿನ್‌ಸನ್ ಮತ್ತು ಮೊಹ್ಸೆನ್ ಅಲ್-ಘೋಸೈನ್ ಅವರ ಕೈಯಲ್ಲಿ ರೂಪುಗೊಂಡವು. ಅದೇ ಕೆಲಸದಿಂದ ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ಸರಳ ರೂಪವೊಂದು ಮೊದಲು ಹೊರಬಂದಿತು. 2000ದ ಮೇ 8ರಂದು ಸೋಪ್ 1.1 ಡಬ್ಲ್ಯು3ಸಿ ಟಿಪ್ಪಣಿಯಾಗಿ ಪ್ರಕಟವಾದಾಗ ಮೈಕ್ರೋಸಾಫ್ಟ್ ಜೊತೆಗೆ ಐಬಿಎಂ ಮತ್ತು ಲೋಟಸ್ ಕಂಪನಿಗಳವರೂ ಅದರ ಕರ್ತೃಗಳಲ್ಲಿದ್ದರು. ಐಬಿಎಂ ಸೇರಿದ್ದರಿಂದ ಜಾವಾಕ್ಕೆ ಬೇಗನೆ ದಾರಿ ತೆರೆಯಿತು. ಆ ಕಂಪನಿ ಬರೆದ ಸೋಪ್4ಜೆ ಎಂಬ ಲೈಬ್ರರಿಯನ್ನು ಅಪಾಚೆ ಪ್ರತಿಷ್ಠಾನಕ್ಕೆ ನೀಡಲಾಯಿತು, ಅದು ಅಪಾಚೆ ಸೋಪ್ ಆಯಿತು. ಅದರ ಮುಂದಿನ ಪೀಳಿಗೆಯಾದ ಆಕ್ಸಿಸ್ 2002ರಲ್ಲಿ 1.0 ಆವೃತ್ತಿಗೆ ತಲುಪಿತು. ಸೋಪ್ 1.2 ಪೂರ್ಣ ಮಾನಕವಾದದ್ದು 2003ರ ಜೂನ್ 24ರಂದು.

ಆರಂಭದ ವರ್ಷಗಳಲ್ಲಿ ಸೋಪ್ ಅನ್ನು ದೂರದ ಕಂಪ್ಯೂಟರಿನಲ್ಲಿರುವ ಫಂಕ್ಷನ್ ಕರೆಯುವ ಉಪಾಯವೆಂದೇ ಬಹಳಷ್ಟು ಮಂದಿ ನೋಡಿದರು. ಜಾವಾದ ಆರಂಭದ ಅಧಿಕೃತ ಮಾನಕಗಳಲ್ಲೊಂದಾದ ಜಾಕ್ಸ್-ಆರ್‌ಪಿಸಿ 2002ರಲ್ಲಿ ಬಂದದ್ದೂ ಅದೇ ದೃಷ್ಟಿಯಿಂದ. ಕಳುಹಿಸುವವರ ಜಾವಾ ವಸ್ತುಗಳು ಸ್ವೀಕರಿಸುವವರ ಬದಿಯಲ್ಲಿ ಹಾಗೆಯೇ ಮೂಡಬೇಕು ಎಂಬುದು ಅದರ ಆಶಯವಾಗಿತ್ತು. ಆದರೆ ಜಾವಾದ ಪಟ್ಟಿ, ದಿನಾಂಕ, ಖಾಲಿ ಮೌಲ್ಯಗಳನ್ನು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಅದೇ ಅರ್ಥದಲ್ಲಿ ಓದಲಿಲ್ಲ. ಎರಡೂ ಕಡೆಯವರು ಒಪ್ಪಬಹುದಾದದ್ದು ಎಕ್ಸ್‌ಎಂಎಲ್ ದಸ್ತಾವೇಜಿನ ಸ್ವರೂಪವೊಂದನ್ನೇ ಎಂಬುದು ಅನುಭವದಿಂದ ತಿಳಿಯಿತು. ಕಂಪನಿಗಳ ಒಕ್ಕೂಟವಾದ ಡಬ್ಲ್ಯುಎಸ್-ಐ 2004ರಲ್ಲಿ ಪ್ರಕಟಿಸಿದ ಬೇಸಿಕ್ ಪ್ರೊಫೈಲ್ 1.0, ಆರ್‌ಪಿಸಿ-ಎನ್‌ಕೋಡೆಡ್ ಎಂಬ ಹಳೆಯ ಶೈಲಿಯನ್ನು ಕೈಬಿಟ್ಟು, ಸ್ಕೀಮಾಕ್ಕೆ ಬದ್ಧವಾದ ಲಿಟರಲ್ ಶೈಲಿಯನ್ನು ಕಡ್ಡಾಯಗೊಳಿಸಿತು. ಜಾಕ್ಸ್-ಆರ್‌ಪಿಸಿ 2.0 ಎಂದು ಆರಂಭವಾಗಿದ್ದ ಮಾನಕಕ್ಕೆ ಜಾಕ್ಸ್-ಡಬ್ಲ್ಯುಎಸ್ ಎಂಬ ಹೊಸ ಹೆಸರಿಟ್ಟದ್ದರ ಹಿಂದೆಯೂ ಇದೇ ಪಲ್ಲಟವಿದೆ. ಅದು 2006ರಲ್ಲಿ ಜಾವಾ ಇಇ 5ರ ಜೊತೆಗೆ, ಆ ವರ್ಷಾಂತ್ಯದಲ್ಲಿ ಜಾವಾ ಎಸ್‌ಇ 6ರ ಜೊತೆಗೆ ಎಲ್ಲರ ಕೈಗೆ ಸಿಕ್ಕಿತು.

ಸೋಪ್ ಸಂದೇಶದ ರಚನೆ

ಸೋಪ್ ಸಂದೇಶದ ಬೇರು ಎನ್ವಲಪ್ ಎಂಬ ಎಲಿಮೆಂಟ್. ಅದರೊಳಗೆ ಹೆಡರ್ ಇರಬಹುದು, ಬಾಡಿ ಇರಲೇಬೇಕು. ಭದ್ರತೆಯ ಸಹಿ, ಸಂದೇಶದ ಗುರುತು, ಉತ್ತರ ಹೋಗಬೇಕಾದ ವಿಳಾಸ ಮುಂತಾದವು ಹೆಡರ್‌ನಲ್ಲಿ ಕೂರುತ್ತವೆ, ವ್ಯವಹಾರದ ತಿರುಳು ಬಾಡಿಯಲ್ಲಿರುತ್ತದೆ. ಹೆಡರ್‌ನ ಯಾವುದೇ ಭಾಗಕ್ಕೆ ಮಸ್ಟ್‌ಅಂಡರ್‌ಸ್ಟ್ಯಾಂಡ್ ಎಂಬ ಗುರುತು ಹಾಕಿದರೆ, ಅದನ್ನು ಅರಿಯದ ಸರ್ವರ್ ಸುಮ್ಮನೆ ಮುಂದುವರಿಯುವಂತಿಲ್ಲ, ತಪ್ಪಿನ ಸಂದೇಶವನ್ನು ಹಿಂದಿರುಗಿಸಬೇಕು. ಆ ತಪ್ಪಿನ ಸಂದೇಶಕ್ಕೆ ಫಾಲ್ಟ್ ಎಂದು ಹೆಸರು. ತಪ್ಪು ಕಳುಹಿಸಿದವರದೋ ಸ್ವೀಕರಿಸಿದವರದೋ ಎಂಬುದನ್ನು ಸೋಪ್ 1.1ರಲ್ಲಿ ಕ್ಲೈಂಟ್ ಮತ್ತು ಸರ್ವರ್ ಎಂಬ ಸಂಕೇತಗಳೂ, 1.2ರಲ್ಲಿ ಸೆಂಡರ್ ಮತ್ತು ರಿಸೀವರ್ ಎಂಬ ಸಂಕೇತಗಳೂ ತಿಳಿಸುತ್ತವೆ.

ಎರಡು ಆವೃತ್ತಿಗಳ ನೇಮ್‌ಸ್ಪೇಸ್ ಬೇರೆ ಬೇರೆ. 1.1ರ ಸಂದೇಶ ಎಚ್‌ಟಿಟಿಪಿಯಲ್ಲಿ ಟೆಕ್ಸ್ಟ್/ಎಕ್ಸ್‌ಎಂಎಲ್ ಎಂಬ ಗುರುತಿನೊಂದಿಗೆ, ಸೋಪ್‌ಆ್ಯಕ್ಷನ್ ಎಂಬ ಪ್ರತ್ಯೇಕ ಹೆಡರ್‌ನೊಂದಿಗೆ ಹೋಗುತ್ತದೆ. 1.2ರ ಗುರುತು ಅಪ್ಲಿಕೇಶನ್/ಸೋಪ್+ಎಕ್ಸ್‌ಎಂಎಲ್, ಆ್ಯಕ್ಷನ್ ಆ ಗುರುತಿನೊಳಗೇ ಸೇರುತ್ತದೆ. ಸರ್ವರ್ ಒಂದು ಆವೃತ್ತಿಯನ್ನು ನಿರೀಕ್ಷಿಸುವಾಗ ಕ್ಲೈಂಟ್ ಮತ್ತೊಂದನ್ನು ಕಳುಹಿಸಿದರೆ, ದಸ್ತಾವೇಜು ಎಷ್ಟೇ ಸರಿಯಿದ್ದರೂ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ.

ಒಳಗಿಡುವ ದಸ್ತಾವೇಜಿನ ಮೇಲೆ ಸೋಪ್ ಕೆಲವು ಕಟ್ಟುಪಾಡುಗಳನ್ನು ಹೇರುತ್ತದೆ. ಸೋಪ್ ಸಂದೇಶದಲ್ಲಿ ಡಿಟಿಡಿ, ಅಂದರೆ ದಸ್ತಾವೇಜಿನ ರಚನೆಯನ್ನೂ ಎಂಟಿಟಿಗಳನ್ನೂ (ಪಠ್ಯದ ಬದಲಿಗೆ ನಿಲ್ಲುವ ಹೆಸರುಗಳನ್ನೂ) ಸಾರುವ ಘೋಷಣೆ, ಇರುವಂತಿಲ್ಲ. ಎಕ್ಸ್‌ಎಂಎಲ್ ಆವೃತ್ತಿಯನ್ನು ಸಾರುವ ಮೊದಲ ಸಾಲು ಇಡೀ ಸಂದೇಶದ ಆರಂಭದಲ್ಲಲ್ಲದೆ ನಡುವೆ ಬರುವಂತಿಲ್ಲ. ಇಡೀ ಸಂದೇಶಕ್ಕೆ ಒಂದೇ ಅಕ್ಷರ ಸಂಕೇತ. ಆದ್ದರಿಂದ ಡಿಸ್ಕಿನಲ್ಲಿರುವ ಎಕ್ಸ್‌ಎಂಎಲ್ ಕಡತವನ್ನು ಅಕ್ಷರಕ್ಕೆ ಅಕ್ಷರ ಎತ್ತಿ ಬಾಡಿಯೊಳಗೆ ಅಂಟಿಸುವುದು ತಪ್ಪು ವಿಧಾನ. ಅದರ ಬೇರು ಎಲಿಮೆಂಟ್ ಮತ್ತು ಅದರ ಕೆಳಗಿನ ಮರವನ್ನು ಮಾತ್ರ ತೆಗೆದು ಇಡಬೇಕು.

ಕರಾರು: ಡಬ್ಲ್ಯುಎಸ್‌ಡಿಎಲ್ ಮತ್ತು ಸ್ಕೀಮಾ

ಸೇವೆಯೊಂದು ಯಾವ ಸಂದೇಶ ಸ್ವೀಕರಿಸುತ್ತದೆ, ಏನನ್ನು ಹಿಂದಿರುಗಿಸುತ್ತದೆ, ಯಾವ ವಿಳಾಸದಲ್ಲಿ ದೊರೆಯುತ್ತದೆ ಎಂಬುದನ್ನು ಡಬ್ಲ್ಯುಎಸ್‌ಡಿಎಲ್ ಕಡತ ವಿವರಿಸುತ್ತದೆ. ಇದರ 1.1 ಆವೃತ್ತಿ 2001ರ ಮಾರ್ಚ್‌ನಲ್ಲಿ ಟಿಪ್ಪಣಿಯಾಗಿ ಬಂದು ಉದ್ಯಮದ ರೂಢಿಯಾಯಿತು. 2007ರಲ್ಲಿ ಪೂರ್ಣ ಮಾನಕವಾದ 2.0 ಆವೃತ್ತಿಗೆ ಅಂಥ ಬಳಕೆ ಸಿಗಲಿಲ್ಲ. ಜಾವಾದ ಡಬ್ಲ್ಯುಎಸ್‌ಇಂಪೋರ್ಟ್ ಸಾಧನ ಈ ಕಡತವನ್ನು ಓದಿ ಕ್ಲೈಂಟ್ ಬದಿಯ ಕ್ಲಾಸ್‌ಗಳನ್ನು ತಾನೇ ಬರೆದುಕೊಡುತ್ತದೆ.

ಮೊದಲು ಜಾವಾ ಬರೆದು ಅದರಿಂದ ಡಬ್ಲ್ಯುಎಸ್‌ಡಿಎಲ್ ಹೊರಡಿಸುವುದು ಒಂದು ದಾರಿ, ಮೊದಲು ಸ್ಕೀಮಾ ಮತ್ತು ಡಬ್ಲ್ಯುಎಸ್‌ಡಿಎಲ್ ಬರೆದು ಅದರಿಂದ ಜಾವಾ ಹೊರಡಿಸುವುದು ಇನ್ನೊಂದು. ದಸ್ತಾವೇಜು ಸಂಸ್ಥೆಯ ಗಡಿ ದಾಟುವುದಾದರೆ ಎರಡನೆಯ ದಾರಿಯೇ ಸರಿ. ಜಾವಾ ಕ್ಲಾಸ್‌ನಲ್ಲಿ ಯಾರೋ ಒಂದು ಹೆಸರು ಬದಲಿಸಿದರೆ ಮೊದಲ ದಾರಿಯಲ್ಲಿ ಕರಾರೇ ಬದಲಾಗುತ್ತದೆ, ಅದನ್ನು ನಂಬಿದ ಆಚೆಯ ಸಂಸ್ಥೆಗಳ ಕ್ಲೈಂಟ್‌ಗಳು ಮುರಿಯುತ್ತವೆ. ಸ್ಪ್ರಿಂಗ್ ವೆಬ್ ಸರ್ವಿಸಸ್ ಎಂಬ ಲೈಬ್ರರಿ ಜಾವಾದಿಂದ ಕರಾರು ಹೊರಡಿಸುವ ಸೌಲಭ್ಯವನ್ನೇ ಬೇಕೆಂದು ಬಿಟ್ಟು, ಕರಾರು ಮೊದಲು ಎಂಬ ತತ್ವದ ಮೇಲೆ ನಿಂತಿದೆ.

ಜಾವಾದ ಸಾಧನಗಳು

ಜಾವಾದಲ್ಲಿ ಸೋಪ್ ಸಂದೇಶವನ್ನು ಮೂರು ಎತ್ತರಗಳಲ್ಲಿ ನಿಂತು ನಿರ್ವಹಿಸಬಹುದು.

ಎಲ್ಲಕ್ಕಿಂತ ಕೆಳಗಿನದು ಎಸ್‌ಎಎಜೆ. ಇಲ್ಲಿ ಪ್ರೋಗ್ರಾಮರ್ ಮೆಸೇಜ್‌ಫ್ಯಾಕ್ಟರಿಯಿಂದ ಸೋಪ್‌ಮೆಸೇಜ್ ಪಡೆದು, ಹೆಡರ್, ಬಾಡಿ, ಅಟ್ಯಾಚ್‌ಮೆಂಟ್ ಎಲ್ಲವನ್ನೂ ಕೈಯಾರೆ ಕಟ್ಟುತ್ತಾನೆ. ಸಿದ್ಧ ದಸ್ತಾವೇಜನ್ನು ಬಾಡಿಗೆ ಸೇರಿಸಲು ಆ್ಯಡ್‌ಡಾಕ್ಯುಮೆಂಟ್ ಎಂಬ ಮೆಥಡ್ ಇದೆ. ಸೇರಿಸಿದ ಮೇಲೆ ಮೂಲ ಡಾಕ್ಯುಮೆಂಟ್ ವಸ್ತುವನ್ನು ಮತ್ತೆ ಬಳಸುವಂತಿಲ್ಲ, ಅದರ ಮರ ಸಂದೇಶದೊಳಕ್ಕೆ ಹೋಗಿರುತ್ತದೆ. ಸ್ವೀಕರಿಸುವ ಬದಿಯಲ್ಲಿ ಬಾಡಿಯ ಒಳಗಿರುವುದನ್ನು ದಸ್ತಾವೇಜಾಗಿ ಹೊರತೆಗೆಯಲು ಎಕ್ಸ್‌ಟ್ರ್ಯಾಕ್ಟ್‌ಕಂಟೆಂಟ್‌ಆಸ್‌ಡಾಕ್ಯುಮೆಂಟ್ ಇದೆ. ಇಲ್ಲಿ ಹೊಸಬರಿಗೆ ಎದುರಾಗುವ ಒಂದು ತೊಡಕು ಪಾರ್ಸರ್‌ಗೆ ಸಂಬಂಧಿಸಿದ್ದು. ಡಾಕ್ಯುಮೆಂಟ್‌ಬಿಲ್ಡರ್‌ಫ್ಯಾಕ್ಟರಿ ತಾನಾಗಿ ನೇಮ್‌ಸ್ಪೇಸ್‌ಗಳನ್ನು ಗುರುತಿಸುವುದಿಲ್ಲ, ಗುರುತಿಸುವಂತೆ ಸೆಟ್ ಮಾಡಬೇಕು. ಹಾಗೆ ಮಾಡದೆ ಓದಿದ ಕಡತವನ್ನು ಬಾಡಿಗೆ ಸೇರಿಸಿದರೆ ಎಲಿಮೆಂಟ್‌ಗಳು ತಮ್ಮ ನೇಮ್‌ಸ್ಪೇಸ್ ಕಳೆದುಕೊಂಡು ನಿಲ್ಲುತ್ತವೆ.

ಮಧ್ಯದ ಎತ್ತರದಲ್ಲಿ ಜಾಕ್ಸ್-ಡಬ್ಲ್ಯುಎಸ್‌ನ ಡಿಸ್‌ಪ್ಯಾಚ್ ಮತ್ತು ಪ್ರೊವೈಡರ್ ಇವೆ. ಡಿಸ್‌ಪ್ಯಾಚ್ ಕ್ಲೈಂಟ್ ಬದಿಯದು, ಪ್ರೊವೈಡರ್ ಸರ್ವರ್ ಬದಿಯದು. ಎರಡೂ ಜಾವಾ ವಸ್ತುಗಳ ಗೊಡವೆಯಿಲ್ಲದೆ ಎಕ್ಸ್‌ಎಂಎಲ್ ಅನ್ನು ಎಕ್ಸ್‌ಎಂಎಲ್ ಆಗಿಯೇ ಕೊಡುತ್ತವೆ, ತೆಗೆದುಕೊಳ್ಳುತ್ತವೆ. ಪೇಲೋಡ್ ಎಂಬ ಬಗೆಯಲ್ಲಿ ಬಾಡಿಯ ಒಳಗಿನದು ಮಾತ್ರ ಕೈಗೆ ಬರುತ್ತದೆ, ಮೆಸೇಜ್ ಎಂಬ ಬಗೆಯಲ್ಲಿ ಪೂರ್ತಿ ಎನ್ವಲಪ್ ಬರುತ್ತದೆ. ದಸ್ತಾವೇಜು ರವಾನೆಗೆ ಹೇಳಿ ಮಾಡಿಸಿದ ಸಾಧನ ಇದು. ಆದರೆ ಸ್ಟ್ರೀಮ್‌ನಿಂದ ಬಂದ ಸೋರ್ಸ್ ವಸ್ತುವನ್ನು ಒಮ್ಮೆ ಮಾತ್ರ ಓದಬಹುದು. ಲಾಗ್ ಬರೆಯಲು ಒಮ್ಮೆ ಓದಿಬಿಟ್ಟರೆ ಕೆಲಸಕ್ಕೆ ಏನೂ ಉಳಿಯುವುದಿಲ್ಲ.

ಮೇಲಿನ ಎತ್ತರದಲ್ಲಿ ವೆಬ್‌ಸರ್ವಿಸ್ ಎಂಬ ಆ್ಯನೊಟೇಶನ್ ಹಾಕಿದ ಕ್ಲಾಸ್‌ಗಳು ಮತ್ತು ಜಾಕ್ಸ್-ಬಿ ಇವೆ. ಜಾಕ್ಸ್-ಬಿ ಸ್ಕೀಮಾದ ಎಲಿಮೆಂಟ್‌ಗಳನ್ನು ಜಾವಾ ಕ್ಲಾಸ್‌ಗಳಿಗೆ ಹೊಂದಿಸುತ್ತದೆ. ಬರೆಯುವ ಕೋಡ್ ಕಡಿಮೆ, ಟೈಪ್ ತಪ್ಪುಗಳು ಕಂಪೈಲ್ ಮಾಡುವಾಗಲೇ ಸಿಗುತ್ತವೆ. ಇದರ ಬೆಲೆಯೂ ಇದೆ. ಜಾಕ್ಸ್-ಬಿ ಓದಿ ಮತ್ತೆ ಬರೆದ ದಸ್ತಾವೇಜು ಮೂಲದ ಪಡಿಯಚ್ಚಲ್ಲ. ಕಾಮೆಂಟ್‌ಗಳು ಹೋಗಿರುತ್ತವೆ, ನೇಮ್‌ಸ್ಪೇಸ್‌ನ ಪ್ರಿಫಿಕ್ಸ್ ಬದಲಾಗಿರಬಹುದು. ಸ್ಕೀಮಾ ಕೊಟ್ಟು ಪರಿಶೀಲಿಸು ಎಂದು ಹೇಳದಿದ್ದರೆ, ಪರಿಚಯವಿಲ್ಲದ ಎಲಿಮೆಂಟ್‌ಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಈ ಮಾನಕಗಳನ್ನು ಜಾರಿಗೊಳಿಸಿದ ಲೈಬ್ರರಿಗಳಲ್ಲಿ ಗ್ಲಾಸ್‌ಫಿಶ್ ಬಳಗದ ಮೆಟ್ರೋ, ಅಪಾಚೆ ಆಕ್ಸಿಸ್2 ಮತ್ತು ಅಪಾಚೆ ಸಿಎಕ್ಸ್‌ಎಫ್ ಮುಖ್ಯವಾದವು. ಸೆಲ್ಟಿಕ್ಸ್ ಮತ್ತು ಎಕ್ಸ್‌ಫೈರ್ ಎಂಬ ಎರಡು ಯೋಜನೆಗಳು ಕೂಡಿ ಸಿಎಕ್ಸ್‌ಎಫ್ ಆಯಿತು.

ದಸ್ತಾವೇಜನ್ನು ಸಂದೇಶದಲ್ಲಿ ಇಡುವ ವಿಧಾನಗಳು

ಎಲಿಮೆಂಟ್ ಮರವಾಗಿ: ದಸ್ತಾವೇಜಿನ ಬೇರು ಎಲಿಮೆಂಟ್ ನೇರವಾಗಿ ಬಾಡಿಯಲ್ಲಿ ಕೂರುತ್ತದೆ, ಅದರ ಸ್ಕೀಮಾ ಡಬ್ಲ್ಯುಎಸ್‌ಡಿಎಲ್‌ನ ಭಾಗವಾಗಿರುತ್ತದೆ. ಸರ್ವರ್, ಗೇಟ್‌ವೇ, ಪರಿಶೀಲನಾ ಸಾಧನ ಎಲ್ಲವೂ ಒಳಗಿನದನ್ನು ನೋಡಬಲ್ಲವು. ಒಂದೇ ಬಗೆಯ ದಸ್ತಾವೇಜು ವಿನಿಮಯವಾಗುವಾಗ ಇದು ಉತ್ತಮ ಕ್ರಮ. ಯಾವ ಬಗೆ ಬರುತ್ತದೆಂದು ಮೊದಲೇ ತಿಳಿಯದಿದ್ದರೆ ಸ್ಕೀಮಾದಲ್ಲಿ ಎನಿ ಎಂಬ ತೆರೆದ ಸ್ಥಾನ ಬಿಡಬಹುದು. ಆಗ ಜಾಕ್ಸ್-ಬಿ ಅದನ್ನು ಮೆಮೊರಿಯಲ್ಲಿ ಕಟ್ಟಿದ ಮರದ ಭಾಗವಾದ ಡಾಮ್ ಎಲಿಮೆಂಟ್ ಆಗಿ ಕೊಡುತ್ತದೆ, ಪರಿಶೀಲನೆಯ ಹೊಣೆ ಬರೆಯುವವರ ಹೆಗಲಿಗೆ ಬರುತ್ತದೆ.

ಸ್ಟ್ರಿಂಗ್ ಆಗಿ: ಇಡೀ ದಸ್ತಾವೇಜನ್ನು ಒಂದು ಸ್ಟ್ರಿಂಗ್ ಎಂದು ಪರಿಗಣಿಸಿ, ಅದರ ಕೋನ ಚಿಹ್ನೆಗಳನ್ನು ಎಂಟಿಟಿಗಳಾಗಿ ಬದಲಿಸಿ, ಅಥವಾ ಸಿಡೇಟಾ ವಿಭಾಗದಲ್ಲಿ ಸುತ್ತಿ ಕಳುಹಿಸುವುದು. ಬರೆಯಲು ಸುಲಭವಾದ್ದರಿಂದ ಇದು ಬಹಳ ಕಡೆ ಕಾಣಸಿಗುತ್ತದೆ. ಆದರೆ ಡಬ್ಲ್ಯುಎಸ್‌ಡಿಎಲ್‌ನಲ್ಲಿ ಸ್ಟ್ರಿಂಗ್ ಎಂದಷ್ಟೇ ಇರುವುದರಿಂದ ಕರಾರಿಗೆ ಬೆಲೆಯಿಲ್ಲದಾಗುತ್ತದೆ. ಸಂದೇಶವನ್ನು ಎರಡು ಸಲ ಪಾರ್ಸ್ ಮಾಡಬೇಕು. ಒಳಗಿನ ದಸ್ತಾವೇಜಿನಲ್ಲಿ ಈಗಾಗಲೇ ಒಂದು ಸಿಡೇಟಾ ವಿಭಾಗವಿದ್ದರೆ ಅದರ ಅಂತ್ಯ ಚಿಹ್ನೆ ಹೊರಗಿನದನ್ನೂ ಅಲ್ಲಿಗೇ ಮುಗಿಸಿಬಿಡುತ್ತದೆ. ಒಳಗಿನ ಮೊದಲ ಸಾಲು ಯುಟಿಎಫ್-16 ಎಂದು ಸಾರುತ್ತಿದ್ದು ಸಂದೇಶ ಯುಟಿಎಫ್-8ರಲ್ಲಿ ಹೋದರೆ, ಹೊರತೆಗೆದು ಬೈಟ್‌ಗಳಾಗಿಸಿದಾಗ ಎರಡೂ ಹೊಂದುವುದಿಲ್ಲ.

ಬೈಟ್‌ಗಳಾಗಿ: ದಸ್ತಾವೇಜನ್ನು ಬೇಸ್64 ಎಂಬ ಅಕ್ಷರರೂಪಕ್ಕೆ ಬದಲಿಸಿ ಎಲಿಮೆಂಟ್ ಒಂದರಲ್ಲಿ ಇಡುವುದು. ಮೂಲದ ಒಂದು ಬೈಟ್ ಕೂಡ ಬದಲಾಗದೆ ತಲುಪುತ್ತದೆ. ಪ್ರತಿ 3 ಬೈಟ್‌ಗೆ 4 ಅಕ್ಷರ ಬೇಕಾಗುವುದರಿಂದ ಗಾತ್ರ ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ.

ಅಟ್ಯಾಚ್‌ಮೆಂಟ್ ಆಗಿ: ಇಮೇಲ್‌ನಲ್ಲಿ ಬಳಕೆಯಲ್ಲಿರುವ ಮೈಮ್ ಮಲ್ಟಿಪಾರ್ಟ್ ಕ್ರಮದಲ್ಲಿ ಎನ್ವಲಪ್ ಒಂದು ಭಾಗವಾಗಿ, ದಸ್ತಾವೇಜು ಇನ್ನೊಂದು ಭಾಗವಾಗಿ ಹೋಗುತ್ತದೆ. ಇದರ ಮೊದಲ ರೂಪವಾದ ಸೋಪ್ ವಿತ್ ಅಟ್ಯಾಚ್‌ಮೆಂಟ್ಸ್ 2000ದ ಡಿಸೆಂಬರ್‌ನಲ್ಲಿ ಬಂದಿತು. 2005ರ ಜನವರಿಯಲ್ಲಿ ಮಾನಕವಾದ ಎಂಟಾಮ್ ಮತ್ತು ಅದರ ಜೊತೆಗಾರ ಎಕ್ಸ್‌ಒಪಿ ಇನ್ನಷ್ಟು ಜಾಣ ಉಪಾಯ ಹೂಡಿದವು. ಎಂಟಾಮ್‌ನಲ್ಲಿ ತಾತ್ವಿಕವಾಗಿ ಬೈಟ್‌ಗಳು ಎನ್ವಲಪ್‌ನೊಳಗೆ ಬೇಸ್64 ಆಗಿಯೇ ಇವೆ. ಸಾಗಣೆಯ ವೇಳೆಗೆ ಮಾತ್ರ ಅವುಗಳನ್ನು ಹೊರತೆಗೆದು, ಆ ಜಾಗದಲ್ಲಿ ಇನ್‌ಕ್ಲೂಡ್ ಎಂಬ ಸೂಚಕವನ್ನಿಟ್ಟು, ಮೂಲ ಬೈಟ್‌ಗಳನ್ನು ಪ್ರತ್ಯೇಕ ಭಾಗವಾಗಿ ಕಳುಹಿಸಲಾಗುತ್ತದೆ. ಗಾತ್ರ ಹಿಗ್ಗುವುದಿಲ್ಲ, ಬಾಡಿಗೆ ಹಾಕಿದ ಸಹಿ ಈ ಬೈಟ್‌ಗಳನ್ನೂ ಒಳಗೊಳ್ಳುತ್ತದೆ. ಜಾವಾದಲ್ಲಿ ಎಂಟಾಮ್ ಆ್ಯನೊಟೇಶನ್ ಹಾಕಿ, ಕ್ಷೇತ್ರದ ಟೈಪನ್ನು ಡೇಟಾಹ್ಯಾಂಡ್ಲರ್ ಎಂದು ಮಾಡಿದರೆ ಸಾಕು.

ಈ ನಾಲ್ಕರಲ್ಲಿ ಆಯ್ಕೆ ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳ: ದಸ್ತಾವೇಜಿನ ಅರ್ಥ ತಲುಪಿದರೆ ಸಾಕೇ, ಮೂಲ ಬೈಟ್‌ಗಳೇ ತಲುಪಬೇಕೇ? ಅರ್ಥ ಸಾಕಾದಲ್ಲಿ ಎಲಿಮೆಂಟ್ ಮರ ಒಳ್ಳೆಯದು. ದಸ್ತಾವೇಜು ಮುಂದೆ ಸಾಕ್ಷ್ಯವಾಗಿ ನಿಲ್ಲಬೇಕಾದಲ್ಲಿ ಎಂಟಾಮ್ ಅಥವಾ ಅಟ್ಯಾಚ್‌ಮೆಂಟ್ ಬೇಕು. ಸ್ಟ್ರಿಂಗ್ ಕ್ರಮ ಎರಡಕ್ಕೂ ಸಲ್ಲದು.

ಅಕ್ಷರ ಸಂಕೇತ ಮತ್ತು ಕನ್ನಡ ಪಠ್ಯ

ಇಂಗ್ಲಿಷ್ ಪಠ್ಯದಲ್ಲಿ ಅಡಗಿ ಕೂರುವ ತಪ್ಪುಗಳು ಕನ್ನಡ ಪಠ್ಯ ಕಳುಹಿಸಿದೊಡನೆ ಹೊರಬೀಳುತ್ತವೆ. ಯೂನಿಕೋಡ್‌ನ ಕನ್ನಡ ವಿಭಾಗದ ಪ್ರತಿ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. "ಕರ್ನಾಟಕ" ಎಂಬ ಪದದಲ್ಲಿ 7 ಸಂಕೇತಗಳಿವೆ, ಅಂದರೆ 21 ಬೈಟ್. ಬೇಸ್64ರಲ್ಲಿ ಅದೇ 28 ಅಕ್ಷರ. ಅಸ್ಕಿ ಸಂಕೇತಕ್ಕೆ ಸೀಮಿತವಾದ ಲೈಬ್ರರಿಯೊಂದು ಪ್ರತಿ ಸಂಕೇತವನ್ನೂ ದಶಮಾಂಶ ಸಂಖ್ಯೆಯ ಉಲ್ಲೇಖವಾಗಿ ಬರೆದರೆ 49 ಅಕ್ಷರ. ಮೂರೂ ಸರಿಯಾದ ರೂಪಗಳೇ, ಆದರೆ ಸಂದೇಶದ ಗಾತ್ರಕ್ಕೆ ಮಿತಿ ಹಾಕುವಾಗ ಈ ಲೆಕ್ಕ ತಿಳಿದಿರಬೇಕು.

ಜಾವಾದಲ್ಲಿ ಸ್ಟ್ರಿಂಗ್ ಅನ್ನು ಬೈಟ್‌ಗಳಾಗಿಸುವಾಗ ಸಂಕೇತದ ಹೆಸರು ಕೊಡದಿದ್ದರೆ ಯಂತ್ರದ ಡೀಫಾಲ್ಟ್ ಸಂಕೇತ ಬಳಕೆಯಾಗುತ್ತಿತ್ತು. ಪಶ್ಚಿಮ ಯೂರೋಪಿನ ಸಂಕೇತವಿರುವ ವಿಂಡೋಸ್ ಯಂತ್ರದಲ್ಲಿ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಡುತ್ತಿದ್ದವು. ಒಮ್ಮೆ ಹಾಗಾದರೆ ಮೂಲವನ್ನು ಮರಳಿ ಪಡೆಯುವ ಉಪಾಯವಿಲ್ಲ. 2022ರ ಮಾರ್ಚ್‌ನಲ್ಲಿ ಬಂದ ಜಾವಾ 18ರಿಂದ ಎಲ್ಲ ಯಂತ್ರಗಳಲ್ಲೂ ಯುಟಿಎಫ್-8 ಡೀಫಾಲ್ಟ್ ಆಗಿದೆ. ಹಳೆಯ ಆವೃತ್ತಿಗಳಲ್ಲಿ ಸಂಕೇತವನ್ನು ಪ್ರತಿ ಸಲವೂ ಸ್ಪಷ್ಟವಾಗಿ ಹೆಸರಿಸಬೇಕು. ಎಚ್‌ಟಿಟಿಪಿ ಹೆಡರ್‌ನ ಕಡೆಗೂ ಗಮನ ಬೇಕು. ಟೆಕ್ಸ್ಟ್/ಎಕ್ಸ್‌ಎಂಎಲ್ ಗುರುತಿನಲ್ಲಿ ಚಾರ್‌ಸೆಟ್ ಇಲ್ಲದಿದ್ದರೆ ಅಸ್ಕಿ ಎಂದು ಭಾವಿಸಬೇಕೆಂಬ ಹಳೆಯ ಇಂಟರ್‌ನೆಟ್ ನಿಯಮ 2014ರವರೆಗೆ ಜಾರಿಯಲ್ಲಿತ್ತು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಯೂನಿಕೋಡ್‌ನೊಳಗೇ ಇದೆ. "ಕೊ" ಎಂಬ ಅಕ್ಷರವನ್ನು ಕಕಾರ ಮತ್ತು ಒಂದೇ ಸ್ವರಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಸೇರಿದ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಬೈಟ್‌ಗಳು ಬೇರೆ. ಪದದ ನಡುವೆ ಒತ್ತಕ್ಷರವಾಗದಂತೆ ತಡೆಯಲು ಹಾಕುವ ಕಾಣದ ಜೋಡಣೆರಹಿತ ಸಂಕೇತವೂ ಬೈಟ್‌ಗಳಲ್ಲಿ ಭೇದ ತರುತ್ತದೆ. ಡಿಜಿಟಲ್ ಸಹಿಗಾಗಿ ಎಕ್ಸ್‌ಎಂಎಲ್ ಅನ್ನು ಏಕರೂಪಕ್ಕೆ ತರುವ ಕೆನಾನಿಕಲೈಸೇಶನ್ ವಿಧಾನ ಈ ಭೇದಗಳನ್ನು ಸರಿಪಡಿಸುವುದಿಲ್ಲ. ಸಹಿ ಹಾಕಿದ ಮೇಲೆ ಯಾವುದೋ ಡೇಟಾಬೇಸ್ ಅಕ್ಷರಗಳನ್ನು ಒಂದು ರೂಪಕ್ಕೆ ತಂದರೆ, ಓದುವವರ ಕಣ್ಣಿಗೆ ಏನೂ ಬದಲಾಗದಿದ್ದರೂ ಸಹಿ ಮುರಿಯುತ್ತದೆ. ಹೆಸರು, ವಿಳಾಸಗಳಂಥ ಕನ್ನಡ ಪಠ್ಯವನ್ನು ಸಹಿ ಹಾಕುವ ಮೊದಲೇ ಏಕರೂಪಕ್ಕೆ ತರುವುದು ಸರಿಯಾದ ಕ್ರಮ. ಜಾವಾದ ನಾರ್ಮಲೈಸರ್ ಕ್ಲಾಸ್ ಒಡೆದ ಸ್ವರಚಿಹ್ನೆಗಳನ್ನು ಕೂಡಿಸುವ ಕೆಲಸಕ್ಕೆ ಇದೆ. ಕಾಣದ ಸಂಕೇತವನ್ನು ಉಳಿಸಬೇಕೋ ತೆಗೆಯಬೇಕೋ ಎಂಬುದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು.

ದೊಡ್ಡ ದಸ್ತಾವೇಜುಗಳು, ವಿಳಂಬ ಮತ್ತು ಮರುಯತ್ನ

ಡಾಮ್ ವಿಧಾನ ಇಡೀ ದಸ್ತಾವೇಜನ್ನು ಮೆಮೊರಿಯಲ್ಲಿ ಮರವಾಗಿ ಕಟ್ಟುತ್ತದೆ, ಅದಕ್ಕೆ ಕಡತದ ಗಾತ್ರದ ಹಲವು ಪಟ್ಟು ಜಾಗ ಬೇಕು. ಸ್ಟ್ಯಾಕ್ಸ್ ಎಂಬ ವಿಧಾನ ದಸ್ತಾವೇಜನ್ನು ಮೊದಲಿನಿಂದ ಕೊನೆಯವರೆಗೆ ತುಂಡು ತುಂಡಾಗಿ ಓದುತ್ತದೆ. ಆಕ್ಸಿಸ್2, ಸಿಎಕ್ಸ್‌ಎಫ್ ಮತ್ತು ಮೆಟ್ರೋ ಮೂರೂ ಒಳಗೆ ಸ್ಟ್ಯಾಕ್ಸ್ ಬಳಸುತ್ತವೆ. ಆದರೂ ಮಧ್ಯದಲ್ಲಿ ಒಂದು ಹ್ಯಾಂಡ್ಲರ್ ಪೂರ್ತಿ ಸೋಪ್‌ಮೆಸೇಜ್ ಬೇಕೆಂದು ಕೇಳಿದರೆ ಇಡೀ ಮರ ಕಟ್ಟಿಕೊಳ್ಳುತ್ತದೆ, ಉಳಿತಾಯವೆಲ್ಲ ವ್ಯರ್ಥ.

ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು ಎಂದು ಹೇಳುವ ಸೌಲಭ್ಯವನ್ನು ಜಾಕ್ಸ್-ಡಬ್ಲ್ಯುಎಸ್ ಮಾನಕ ನಿಗದಿಪಡಿಸಿಲ್ಲ, ಪ್ರತಿ ಲೈಬ್ರರಿಗೂ ತನ್ನದೇ ಹೆಸರಿದೆ. ಸಿಎಕ್ಸ್‌ಎಫ್ ಸಂಪರ್ಕಕ್ಕೆ 30 ಸೆಕೆಂಡು, ಉತ್ತರಕ್ಕೆ 60 ಸೆಕೆಂಡು ಕಾಯುತ್ತದೆ. ಜಾವಾದ ಮೂಲ ಎಚ್‌ಟಿಟಿಪಿ ಸಂಪರ್ಕ ಕ್ಲಾಸ್ ಮಾತ್ರ ಏನೂ ಹೇಳದಿದ್ದರೆ ಮಿತಿಯಿಲ್ಲದೆ ಕಾಯುತ್ತದೆ. ಸಮಯ ಮೀರಿದಾಗ ದಸ್ತಾವೇಜು ತಲುಪಿತೋ ಇಲ್ಲವೋ ಎಂಬುದು ಕಳುಹಿಸಿದವರಿಗೆ ತಿಳಿಯದು. ಮತ್ತೆ ಕಳುಹಿಸಿದರೆ ಒಂದೇ ಇನ್‌ವಾಯ್ಸ್ ಎರಡು ಸಲ ದಾಖಲಾಗಬಹುದು. ಆದ್ದರಿಂದ ಪ್ರತಿ ದಸ್ತಾವೇಜಿಗೂ ಕಳುಹಿಸುವವರೇ ಒಂದು ವಿಶಿಷ್ಟ ಗುರುತು ಕೊಡಬೇಕು, ಅದೇ ಗುರುತು ಮತ್ತೆ ಬಂದರೆ ಸ್ವೀಕರಿಸುವವರು ಹಿಂದಿನ ಉತ್ತರವನ್ನೇ ಕೊಡಬೇಕು. ಡಬ್ಲ್ಯುಎಸ್-ಅಡ್ರೆಸಿಂಗ್ ಮತ್ತು ಡಬ್ಲ್ಯುಎಸ್-ರಿಲಯಬಲ್‌ಮೆಸೇಜಿಂಗ್ ಮಾನಕಗಳು ಸಂದೇಶದ ಮಟ್ಟದಲ್ಲಿ ಇದಕ್ಕೆ ನೆರವಾಗುತ್ತವೆ, ಆದರೆ ವ್ಯವಹಾರದ ಮಟ್ಟದ ಗುರುತಿಗೆ ಅವು ಬದಲಿಯಲ್ಲ.

ಭದ್ರತೆ

ಎಚ್‌ಟಿಟಿಪಿಎಸ್ ಎರಡು ಯಂತ್ರಗಳ ನಡುವಿನ ದಾರಿಯನ್ನು ಮಾತ್ರ ಕಾಯುತ್ತದೆ. ದಸ್ತಾವೇಜು ಹಲವು ಸರ್ವರ್‌ಗಳನ್ನು ದಾಟಿ ಹೋಗುವಾಗ ಸಹಿ ಮತ್ತು ಗೂಢಲಿಪಿ ಸಂದೇಶದಲ್ಲೇ ಇರಬೇಕು. 2002ರಲ್ಲಿ ಮಾನಕಗಳಾದ ಎಕ್ಸ್‌ಎಂಎಲ್ ಸಿಗ್ನೇಚರ್ ಮತ್ತು ಎಕ್ಸ್‌ಎಂಎಲ್ ಎನ್‌ಕ್ರಿಪ್ಶನ್ ಮೇಲೆ ಒಯಾಸಿಸ್ ಸಂಸ್ಥೆ 2004ರಲ್ಲಿ ಡಬ್ಲ್ಯುಎಸ್-ಸೆಕ್ಯುರಿಟಿಯನ್ನು ಕಟ್ಟಿತು. ಜಾವಾದಲ್ಲಿ ಅಪಾಚೆ ಡಬ್ಲ್ಯುಎಸ್‌ಎಸ್4ಜೆ ಇದನ್ನು ನಿರ್ವಹಿಸುತ್ತದೆ.

ಒಳಗಿನ ದಸ್ತಾವೇಜಿಗೆ ತನ್ನದೇ ಸಹಿ ಇದ್ದರೆ ಹೆಚ್ಚಿನ ಎಚ್ಚರ ಬೇಕು. ಸಾಮಾನ್ಯ ಕೆನಾನಿಕಲೈಸೇಶನ್ ಸುತ್ತಲಿನ ಎನ್ವಲಪ್‌ನ ನೇಮ್‌ಸ್ಪೇಸ್ ಘೋಷಣೆಗಳನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ದಸ್ತಾವೇಜು ಎನ್ವಲಪ್‌ನೊಳಗೆ ಹೋದಾಗ ಅಥವಾ ಅದರಿಂದ ಹೊರಬಂದಾಗ ಸಹಿ ಹೊಂದುವುದಿಲ್ಲ. ಇದಕ್ಕಾಗಿಯೇ 2002ರಲ್ಲಿ ಎಕ್ಸ್‌ಕ್ಲೂಸಿವ್ ಕೆನಾನಿಕಲೈಸೇಶನ್ ರೂಪಿಸಲಾಯಿತು. ಓದಲು ಚೆನ್ನಾಗಿರಲೆಂದು ಸಾಲುಗಳಿಗೆ ಅಂಚು ಬಿಡುವ ಸಾಧನಗಳೂ ಖಾಲಿ ಜಾಗ ಸೇರಿಸಿ ಸಹಿಯನ್ನು ಮುರಿಯುತ್ತವೆ.

ದಾಳಿಗಳಲ್ಲಿ ಮೂರು ಬಗೆಗಳು ಮುಖ್ಯ. ಹೊರಗಿನ ಎಂಟಿಟಿಯನ್ನು ಹೆಸರಿಸಿ ಸರ್ವರ್‌ನ ಕಡತಗಳನ್ನೇ ಓದಿಸುವುದು ಮೊದಲನೆಯದು. ಎಂಟಿಟಿಯೊಳಗೆ ಎಂಟಿಟಿ ಹೆಣೆದು ಮೆಮೊರಿ ಮುಗಿಸುವುದು ಎರಡನೆಯದು. ಸಹಿಯಾದ ಭಾಗವನ್ನು ಸಂದೇಶದ ಮೂಲೆಗೆ ಸರಿಸಿ, ಅದರ ಜಾಗದಲ್ಲಿ ನಕಲಿಯನ್ನಿಡುವುದು ಮೂರನೆಯದು. ಮೊದಲ ಎರಡಕ್ಕೂ ಪಾರ್ಸರ್‌ನಲ್ಲಿ ಡಿಟಿಡಿಯನ್ನು ಪೂರ್ತಿ ನಿಷೇಧಿಸುವುದೇ ಮದ್ದು. ಸೋಪ್ ಎನ್ವಲಪ್‌ನಲ್ಲಿ ಡಿಟಿಡಿ ನಿಷಿದ್ಧವಾದರೂ ಸ್ಟ್ರಿಂಗ್, ಬೈಟ್ ಅಥವಾ ಅಟ್ಯಾಚ್‌ಮೆಂಟ್ ಆಗಿ ಬಂದ ದಸ್ತಾವೇಜನ್ನು ಎರಡನೆಯ ಸಲ ಪಾರ್ಸ್ ಮಾಡುವ ಕೋಡ್‌ಗೆ ಆ ರಕ್ಷಣೆ ಇರುವುದಿಲ್ಲ. ಅದನ್ನು ಬರೆಯುವವರೇ ಒದಗಿಸಬೇಕು. ಮೂರನೆಯದಕ್ಕೆ, ಸಹಿ ಪರಿಶೀಲಿಸಿದ ಎಲಿಮೆಂಟ್ ಮತ್ತು ವ್ಯವಹಾರದ ಕೋಡ್ ಓದುವ ಎಲಿಮೆಂಟ್ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು.

ಬಳಕೆಯ ಕ್ಷೇತ್ರಗಳು

ಆರೋಗ್ಯ: ಐಎಚ್‌ಇ ಎಂಬ ಅಂತಾರಾಷ್ಟ್ರೀಯ ಉಪಕ್ರಮದ ಎಕ್ಸ್‌ಡಿಎಸ್.ಬಿ ಮಾದರಿಯಲ್ಲಿ ಆಸ್ಪತ್ರೆಯು ರೋಗಿಯ ದಸ್ತಾವೇಜನ್ನು ಸೋಪ್ 1.2 ಮತ್ತು ಎಂಟಾಮ್ ಬಳಸಿ ಹಂಚಿಕೆಯ ಭಂಡಾರಕ್ಕೆ ಕಳುಹಿಸುತ್ತದೆ. ಆ ದಸ್ತಾವೇಜು ಹಲವು ಸಲ ಸಿಡಿಎ ಮಾನಕದ ಎಕ್ಸ್‌ಎಂಎಲ್ ಆಗಿರುತ್ತದೆ. ಎಕ್ಸ್‌ಎಂಎಲ್ ಆಗಿದ್ದರೂ ಅದನ್ನು ಬಾಡಿಯಲ್ಲಿ ಬೆರೆಸದೆ ಬೈಟ್‌ಗಳಾಗಿಯೇ ಇಡಲಾಗುತ್ತದೆ, ವಿವರಪಟ್ಟಿಯಲ್ಲಿ ಅದರ ಗಾತ್ರ ಮತ್ತು ಹ್ಯಾಶ್ ಮೌಲ್ಯ ದಾಖಲಾಗುತ್ತದೆ. ವೈದ್ಯರು ದೃಢೀಕರಿಸಿದ ಪತ್ರ ವರ್ಷಗಳ ನಂತರವೂ ಅದೇ ಎಂದು ಹೇಳಬಹುದಾದದ್ದು ಇದರಿಂದಲೇ.

ವ್ಯಾಪಾರ: ಯೂರೋಪಿನಲ್ಲಿ ಹುಟ್ಟಿದ ಪೆಪ್ಪೋಲ್ ಜಾಲ ಯುಬಿಎಲ್ 2.1 ಮಾದರಿಯ ಎಕ್ಸ್‌ಎಂಎಲ್ ಇನ್‌ವಾಯ್ಸ್‌ಗಳನ್ನು ಸಾಗಿಸುತ್ತದೆ. 2020ರ ಫೆಬ್ರವರಿ 1ರಿಂದ ಅದರಲ್ಲಿ ಎಎಸ್4 ನಿಯಮಾವಳಿ ಕಡ್ಡಾಯ. ಎಎಸ್4 ಸಂದೇಶವು ಅಟ್ಯಾಚ್‌ಮೆಂಟ್ ಇರುವ ಸೋಪ್ 1.2 ಸಂದೇಶ. ಇನ್‌ವಾಯ್ಸ್ ಅನ್ನು ಜಿಜಿಪ್‌ನಿಂದ ಕುಗ್ಗಿಸಿ, ಸಹಿ ಮತ್ತು ಗೂಢಲಿಪಿಗೊಳಪಡಿಸಿ ಮೈಮ್ ಭಾಗವಾಗಿ ಇಡಲಾಗುತ್ತದೆ, ಸೋಪ್ ಬಾಡಿ ಖಾಲಿ ಇರುತ್ತದೆ. ಈ ಜಾಲದಲ್ಲಿ ಬಳಕೆಯಲ್ಲಿರುವ ಆಕ್ಸಾಲಿಸ್ ಮತ್ತು ಫೇಸ್4 ಎಂಬ ಮುಕ್ತ ತಂತ್ರಾಂಶಗಳು ಜಾವಾದಲ್ಲಿವೆ.

ಭಾರತ: ಇಲ್ಲಿನ ದೊಡ್ಡ ಸಾರ್ವಜನಿಕ ವ್ಯವಸ್ಥೆಗಳಲ್ಲಿ ಕೆಲವು ಎಕ್ಸ್‌ಎಂಎಲ್ ಅನ್ನು ಉಳಿಸಿಕೊಂಡು ಸೋಪ್ ಎನ್ವಲಪ್ ಅನ್ನು ಬಿಟ್ಟಿವೆ. ಆಧಾರ್ ದೃಢೀಕರಣದ ಕೋರಿಕೆ ಡಿಜಿಟಲ್ ಸಹಿಯುಳ್ಳ ಎಕ್ಸ್‌ಎಂಎಲ್ ಆಗಿ ಎಚ್‌ಟಿಟಿಪಿಎಸ್ ಮೂಲಕ ನೇರವಾಗಿ ಹೋಗುತ್ತದೆ. ವ್ಯಕ್ತಿಯ ವಿವರವಿರುವ ಒಳಭಾಗ ಗೂಢಲಿಪಿಗೊಂಡು ಬೇಸ್64 ರೂಪದಲ್ಲಿ ಅದರೊಳಗೆ ಕೂರುತ್ತದೆ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯ ಸಂದೇಶಗಳೂ ಸಹಿ ಮಾಡಿದ ಎಕ್ಸ್‌ಎಂಎಲ್ ಆಗಿವೆ. ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಜಿಎಸ್‌ಟಿ ಜಾಲ ಎಕ್ಸ್‌ಎಂಎಲ್ ಬದಲು ಜೇಸನ್ ಎಂಬ ಹಗುರ ದತ್ತಾಂಶ ರೂಪವನ್ನು ಆಯ್ದುಕೊಂಡಿದೆ.

ಇಂದಿನ ಸ್ಥಿತಿ

ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ರೆಸ್ಟ್ ಶೈಲಿ ಮತ್ತು ಜೇಸನ್ ರೂಪ ಸಾರ್ವಜನಿಕ ವೆಬ್ ಸೇವೆಗಳಲ್ಲಿ ಸೋಪ್‌ನ ಜಾಗವನ್ನು ಬಹುತೇಕ ತುಂಬಿವೆ. ಜಾವಾದಲ್ಲೂ ಅದರ ಪರಿಣಾಮ ಕಂಡಿತು. 2017ರ ಜಾವಾ 9ರಲ್ಲಿ ಜಾಕ್ಸ್-ಡಬ್ಲ್ಯುಎಸ್ ಮತ್ತು ಜಾಕ್ಸ್-ಬಿ ಮಾಡ್ಯೂಲ್‌ಗಳನ್ನು ತೆಗೆಯಲಾಗುವುದೆಂದು ಘೋಷಿಸಿ, 2018ರ ಸೆಪ್ಟೆಂಬರ್‌ನ ಜಾವಾ 11ರಲ್ಲಿ ತೆಗೆಯಲಾಯಿತು. ಈಗ ಅವುಗಳನ್ನು ಮೇವನ್‌ನಂಥ ಲೈಬ್ರರಿ ನಿರ್ವಹಣಾ ಸಾಧನದ ಮೂಲಕ ಪ್ರತ್ಯೇಕ ಲೈಬ್ರರಿಗಳಾಗಿ ಸೇರಿಸಿಕೊಳ್ಳಬೇಕು. ಜಾವಾ ಇಇ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಹೋಗಿ ಜಕಾರ್ತಾ ಇಇ ಆದ ಮೇಲೆ, 2020ರ ಡಿಸೆಂಬರ್‌ನ 9ನೇ ಆವೃತ್ತಿಯಲ್ಲಿ ಪ್ಯಾಕೇಜ್‌ಗಳ ಹೆಸರು ಜಾವಾಎಕ್ಸ್‌ನಿಂದ ಜಕಾರ್ತಾಕ್ಕೆ ಬದಲಾಯಿತು. ಒಂದೇ ಪ್ರೋಗ್ರಾಮಿನಲ್ಲಿ ಹಳೆಯ ಮತ್ತು ಹೊಸ ಹೆಸರಿನ ಲೈಬ್ರರಿಗಳು ಬೆರೆತರೆ, ಹೊಸ ಲೈಬ್ರರಿ ಹಳೆಯ ಆ್ಯನೊಟೇಶನ್‌ಗಳನ್ನು ಗುರುತಿಸುವುದಿಲ್ಲ. ಹಳೆಯ ವ್ಯವಸ್ಥೆಗಳನ್ನು ಹೊಸ ಜಾವಾಕ್ಕೆ ಸಾಗಿಸುವವರ ಮುಖ್ಯ ಕೆಲಸ ಇಂದು ಇದೇ.

ಸೋಪ್ ಹಿಂದೆ ಸರಿದರೂ ಅದು ಎತ್ತಿಕೊಂಡ ಪ್ರಶ್ನೆಗಳು ಹಿಂದೆ ಸರಿದಿಲ್ಲ. ಜೇಸನ್ ಸೇವೆಗಳಿಗೂ ಸ್ಕೀಮಾ, ಸಹಿ, ಮರುಯತ್ನದ ಗುರುತು ಬೇಕಾಗಿವೆ. ಗಡಿ ದಾಟುವ ದಸ್ತಾವೇಜಿಗೆ ಬರೆದಿಟ್ಟ ಕರಾರು ಇರಬೇಕು, ಸ್ವೀಕರಿಸಿದವರು ಮೂಲ ಬೈಟ್‌ಗಳನ್ನೂ ಅವುಗಳ ಹ್ಯಾಶ್ ಅನ್ನೂ ಕಾಪಿಡಬೇಕು, ಪರಿಶೀಲನೆ ಮುಗಿಯುವ ಮೊದಲು ಒಳಗಿನದನ್ನು ನಂಬಬಾರದು. ಈ ಮೂರು ಶಿಸ್ತುಗಳನ್ನು ಪಾಲಿಸಿದ ವ್ಯವಸ್ಥೆಗಳು ಲೈಬ್ರರಿ ಬದಲಾದಾಗಲೂ ಪ್ಯಾಕೇಜಿನ ಹೆಸರು ಬದಲಾದಾಗಲೂ ತಮ್ಮ ದಸ್ತಾವೇಜುಗಳನ್ನು ಕಳೆದುಕೊಳ್ಳುವುದಿಲ್ಲ. ರೋಗಿಯ ಹೆಸರು, ರೈತನ ಸರ್ವೆ ನಂಬರು, ವ್ಯಾಪಾರಿಯ ಬಾಕಿ ಮೊತ್ತ ಇಂಥ ದಸ್ತಾವೇಜುಗಳಲ್ಲಿ ಇರುವುದರಿಂದ, ಅವು ಹೊರಟಂತೆಯೇ ತಲುಪುವಂತೆ ನೋಡಿಕೊಳ್ಳುವುದು ಪ್ರೋಗ್ರಾಮರ್‌ನ ಮೊದಲ ಹೊಣೆ.